ಕಿರೀಟ ಹಿಡಿದಿಟ್ಟುಕೊಂಡ ಅಧಿಕಾರಿ: ಲಾಸ್ಲೊ ಕಾನ್ ಅರಸನೇ, ಸಾಮಂತನೇ, ಕಳ್ಳನೇ?

ಓದುಗರ ಪ್ರಶ್ನೆ: ಕೆಲಸದ ಮೇಲೆ ಎರಡು ವರ್ಷದಿಂದ ಬುಡಾಪೆಸ್ಟ್‌ನಲ್ಲಿದ್ದೇನೆ. ಇಲ್ಲಿನ ಸಂಸತ್ ಭವನದಲ್ಲಿಟ್ಟಿರುವ ಹಂಗೆರಿಯ ಪವಿತ್ರ ಕಿರೀಟವನ್ನು ನೋಡಿದ ಮೇಲೆ ಅದರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯಲು ಕೂತೆ. 1307ರಲ್ಲಿ, ಆಗ ಹಂಗೆರಿಯ ಪೂರ್ವದ ಪ್ರಾಂತವಾಗಿದ್ದು ಇಂದು ರೊಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾದ ವೊಯ್ವೋಡ್ ಲಾಡಿಸ್ಲಾಸ್ ಖಾನ್ ಎಂಬಾತ ರಾಜನನ್ನೇ ಸೆರೆಹಿಡಿದು ಕಿರೀಟ ಕಿತ್ತುಕೊಂಡನಂತೆ. ‘ಕಿರೀಟ ಕದ್ದ ಸಾಮಂತರಾಜ’ ಎಂದು ತಲೆಬರಹ ಕೊಟ್ಟೆ. ರೊಮೇನಿಯಾದ ಸಹೋದ್ಯೋಗಿಯೊಬ್ಬರಿಗೆ ಹೇಳಿದರೆ, ‘ಅವನು ಸ್ವತಂತ್ರ ದೊರೆ, ಡ್ರಾಕುಲಾನ ಹಾಗೆ’ ಅಂದರು. ಹಂಗೆರಿಯವರೊಬ್ಬರು ‘ರಾಜದ್ರೋಹಿ’ ಅಂದರು. ಆ ಕಿರೀಟಕ್ಕಾಗಿ ಕಾದು ಮುಂದೆ ಹಂಗೆರಿಯ ಅರಸನಾದ ಚಾರ್ಲ್ಸ್‌ನ ಪಟ್ಟಾಭಿಷೇಕಕ್ಕೆ ಮೂರು ಬೇರೆ ಬೇರೆ ವರ್ಷ ಸಿಗುತ್ತಿವೆ. ಈ ಖಾನ್ ಮಂಗೋಲರ ವಂಶದವನೇ? ವೊಯ್ವೋಡ್ ಎಂಬುದಕ್ಕೆ ಕನ್ನಡದಲ್ಲಿ ಏನು ಬರೆಯಲಿ? ತಪ್ಪು ಬರೆದು ಓದುಗರ ದಾರಿ ತಪ್ಪಿಸಬಾರದೆಂಬುದೇ ನನ್ನ ಚಿಂತೆ.

ಉತ್ತರ: ನಿಮ್ಮ ಪ್ರಶ್ನೆಗಳು ಹಲವಾದರೂ ಗಂಟು ಒಂದೇ. ಈತ ಯಾರ ಅಧಿಕಾರದಿಂದ ಆಳುತ್ತಿದ್ದ? ಅದು ಬಿಚ್ಚಿಕೊಂಡರೆ ಸಾಮಂತನೋ ದೊರೆಯೋ ದ್ರೋಹಿಯೋ ಎಂಬ ಜಗಳ ಬಹುಪಾಲು ತಾನೇ ಕರಗುತ್ತದೆ.

ಮೊದಲು ಹೆಸರು. ‘ಖಾನ್’ ಅಲ್ಲ, ‘ಕಾನ್’. ಹಂಗೆರಿಯನ್ನಿನಲ್ಲಿ ಮಹಾಪ್ರಾಣವಿಲ್ಲ. ಕಾನ್ ಎಂಬುದು ಒಂದು ಹಂಗೆರಿಯನ್ ಕುಲದ ಹೆಸರು. ಟ್ರಾನ್ಸಿಲ್ವೇನಿಯಾದಿಂದ ಬಹಳ ದೂರದಲ್ಲಿ, ದೇಶದ ದಕ್ಷಿಣದ ಬರನ್ಯಾ ಸೀಮೆಯಲ್ಲಿ ಆ ಕುಲದ ಆಸ್ತಿಯಿತ್ತು. ಮಂಗೋಲರು ಹಂಗೆರಿಯ ಮೇಲೆ ಮೊದಲು ದಂಡೆತ್ತಿ ಬಂದದ್ದು 1241ರಲ್ಲಿ. ಈ ಕುಲದ ದ್ಯುಲಾ ಕಾನ್ ಎಂಬಾತ 1201ರಲ್ಲೇ ಟ್ರಾನ್ಸಿಲ್ವೇನಿಯಾದ ವೊಯ್ವೋಡನಾಗಿದ್ದ. ಹಾಗಾಗಿ ಮಂಗೋಲ್ ಸಂಬಂಧದ ಮಾತು ಬೇಡ. ‘ಖಾ’ ಬರೆದರೆ ನಿಮ್ಮ ಓದುಗರೆಲ್ಲ ಅದನ್ನೇ ಊಹಿಸುತ್ತಾರೆ. ಒಬ್ಬನೇ ವ್ಯಕ್ತಿ ಲ್ಯಾಟಿನ್ನಿನಲ್ಲಿ ಲಾಡಿಸ್ಲಾಸ್, ಹಂಗೆರಿಯನ್ನಿನಲ್ಲಿ ಲಾಸ್ಲೊ, ರೊಮೇನಿಯನ್ನಿನಲ್ಲಿ ಲಾಡಿಸ್ಲಾವು. ಹಂಗೆರಿಯವರು ಮನೆತನದ ಹೆಸರು ಮೊದಲಿಟ್ಟು ‘ಕಾನ್ ಲಾಸ್ಲೊ’ ಎನ್ನುತ್ತಾರೆ. ಇವನ ತಂದೆಯ ಹೆಸರೂ ಲಾಸ್ಲೊ, ಅವನೂ ಕೆಲಕಾಲ ವೊಯ್ವೋಡ. ಮಗನೊಬ್ಬನೂ ಲಾಸ್ಲೊ. ಆದ್ದರಿಂದ ಇತಿಹಾಸಕಾರರು ನಮ್ಮವನನ್ನು ಆ ಕುಲದ ಲಾಸ್ಲೊಗಳಲ್ಲಿ ಮೂರನೆಯವನೆಂದು ಎಣಿಸುತ್ತಾರೆ. ಈ ಎಣಿಕೆ ರಾಜರ ಪಟ್ಟಿಯದಲ್ಲ ಎಂದು ಒಂದು ವಾಕ್ಯ ಸೇರಿಸಿ.

ಇನ್ನು ಹುದ್ದೆ. ವೊಯ್ವೋಡ್ ಸ್ಲಾವ್ ಭಾಷೆಗಳಿಂದ ಬಂದ ಪದ, ‘ದಂಡು ನಡೆಸುವವನು’ ಎಂದು ಅರ್ಥ. ಒಂದೇ ಪದ ಮೂರು ನಾಡುಗಳಲ್ಲಿ ಮೂರು ಬೇರೆ ಸ್ಥಾನಗಳಿಗೆ ಅಂಟಿಕೊಂಡಿತು. ಕಾರ್ಪೇಥಿಯನ್ ಬೆಟ್ಟಗಳ ಆಚೆಯ ವಲಾಕಿಯಾ ಮತ್ತು ಮೊಲ್ಡಾವಿಯಾಗಳಲ್ಲಿ ಅದು ಆಳುವ ದೊರೆಯ ಬಿರುದು. ನಿಮ್ಮ ಸಹೋದ್ಯೋಗಿ ಹೇಳಿದ ಡ್ರಾಕುಲಾ, ಅಂದರೆ ಮೂರನೆಯ ವ್ಲಾದ್, 15ನೇ ಶತಮಾನದ ವಲಾಕಿಯಾದ ಅಂಥ ದೊರೆ. ಪೋಲೆಂಡಿನಲ್ಲಿ ಅದು ಪ್ರಾಂತದ ಮುಖ್ಯಸ್ಥನ ಹುದ್ದೆ. ಟ್ರಾನ್ಸಿಲ್ವೇನಿಯಾದಲ್ಲಿ ವೊಯ್ವೋಡ ಹಂಗೆರಿಯ ಅರಸ ನೇಮಿಸುತ್ತಿದ್ದ, ಅರಸ ತೆಗೆಯಬಹುದಾಗಿದ್ದ ಅಧಿಕಾರಿ. ನಿಮ್ಮ ಸಹೋದ್ಯೋಗಿ ಸುಳ್ಳು ಹೇಳಲಿಲ್ಲ. ಅವರ ಭಾಷೆಯಲ್ಲಿ ಆ ಪದಕ್ಕೆ ಮೊದಲು ಹೊಳೆಯುವ ಅರ್ಥವೇ ಬೇರೆ.

ಆ ಅಧಿಕಾರಿಗೂ ಕಾಗದದ ಮೇಲೆ ಇಡೀ ಟ್ರಾನ್ಸಿಲ್ವೇನಿಯಾ ಸೇರಿರಲಿಲ್ಲ. ವೊಯ್ವೋಡನ ಆಡಳಿತವಿದ್ದದ್ದು ಕುಲೀನರ ಏಳು ಕೌಂಟಿಗಳ, ಅಂದರೆ ಜಿಲ್ಲೆಗಳ, ಮೇಲೆ. ಪೂರ್ವದ ಸೇಕೆಯ್ ಜನಕ್ಕೆ ಅರಸ ಬೇರೆಯೇ ಕೌಂಟನನ್ನು, ಅಂದರೆ ಆಡಳಿತಾಧಿಕಾರಿಯನ್ನು, ನೇಮಿಸುತ್ತಿದ್ದ. ದಕ್ಷಿಣದಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಸ್ಯಾಕ್ಸನ್ನರಿಗೆ ಹಂಗೆರಿಯ ಅರಸ ಎರಡನೆಯ ಆಂಡ್ರ್ಯೂ 1224ರಲ್ಲಿ ಸನ್ನದು ಕೊಟ್ಟಿದ್ದ. ಅವರು ವರ್ಷಕ್ಕೆ 500 ಮಾರ್ಕ್ ಬೆಳ್ಳಿ ಕಟ್ಟಬೇಕು, ದೇಶದೊಳಗಿನ ಯುದ್ಧಕ್ಕೆ 500 ಯೋಧರನ್ನು ಕೊಡಬೇಕು. ಬದಲಿಗೆ ಅರಸನೂ ಅವನು ನೇಮಿಸಿದ ಸಿಬಿಯುವಿನ ಕೌಂಟನೂ ಬಿಟ್ಟರೆ ಬೇರೆ ಯಾರೂ ಅವರ ಮೇಲೆ ನ್ಯಾಯ ನಡೆಸುವಂತಿಲ್ಲ. ಒಂದು ಪ್ರಾಂತ, ಮೂರು ಬೀಗ, ಮೂರು ಕೀಲಿ. ಮೂರೂ ಅರಸನ ಕೈಯಲ್ಲಿ. ಇಷ್ಟು ದೂರದ ಸೀಮೆಯನ್ನು ಒಬ್ಬನೇ ನುಂಗದಂತೆ ಮಾಡಿದ ಏರ್ಪಾಡು ಇದು.

ಅರಸ ಗಟ್ಟಿಯಾಗಿದ್ದರೆ ಮಾತ್ರ ಈ ಏರ್ಪಾಡು ನಿಲ್ಲುತ್ತಿತ್ತು. ಲಾಸ್ಲೊನಿಗಿಂತ ಮುಂಚಿನ ವೊಯ್ವೋಡ ರೋಲಂಡ್ ಬೊರ್ಶಾ ತಿರುಗಿಬಿದ್ದಾಗ, ಅರಸ ಮೂರನೆಯ ಆಂಡ್ರ್ಯೂ 1294ರಲ್ಲಿ ಆದೋರ್ಯಾನ್ ಕೋಟೆಗೆ ಮುತ್ತಿಗೆ ಹಾಕಿ ಅವನನ್ನು ಮಣಿಸಿ ಹುದ್ದೆಯಿಂದ ಕೆಳಗಿಳಿಸಿದ. ಅದೇ ಜಾಗಕ್ಕೆ ಬಂದವನು ಲಾಸ್ಲೊ ಕಾನ್. ನಿಮಗೆ ‘1294/95’ ಎಂಬ ಗೆರೆ ಎಳೆದ ವರ್ಷ ಸಿಕ್ಕಿರಬೇಕು. ನೇಮಕದ ಆಜ್ಞೆ ಉಳಿದಿಲ್ಲ. ಒಬ್ಬನ ಹೆಸರು ಪತ್ರಗಳಲ್ಲಿ ನಿಂತು ಇನ್ನೊಬ್ಬನದು ಕಾಣಿಸಿಕೊಳ್ಳುವ ನಡುವಿನ ಅವಧಿಯನ್ನು ಆ ಗೆರೆ ತೋರಿಸುತ್ತದೆ. ‘1295ರ ಹೊತ್ತಿಗೆ’ ಎಂದು ಬರೆದರೆ ಸರಿಹೋಗುತ್ತದೆ. ಅವನ ಸಾವಿಗೆ ಸಿಗುವ ‘1314/15’ ಕೂಡ ಇದೇ ಬಗೆಯದು.

1301ರ ಜನವರಿ 14ರಂದು ಮೂರನೆಯ ಆಂಡ್ರ್ಯೂ ಗಂಡು ಸಂತಾನವಿಲ್ಲದೆ ತೀರಿಕೊಂಡ. ಮುನ್ನೂರು ವರ್ಷ ಆಳಿದ ಆರ್ಪಾದ್ ವಂಶ ಅಲ್ಲಿಗೆ ಮುಗಿಯಿತು. ನೇಮಿಸಿದವನೂ ಇಲ್ಲ, ತೆಗೆಯುವವನೂ ಇಲ್ಲ. ಹುದ್ದೆ ಮಾತ್ರ ಉಳಿಯಿತು, ಹುದ್ದೆಯಲ್ಲಿ ಲಾಸ್ಲೊ ಉಳಿದ. ಅವನ ಬಲದ ಗುಟ್ಟು ಇಲ್ಲಿದೆ, ನಿಮ್ಮ ಲೇಖನ ತಂಗಬೇಕಾದ ಜಾಗವೂ ಇದೇ.

ಬಲ ಎಂದರೆ ಏನು? ಮೊದಲನೆಯದು ಉಪ್ಪು. ತೊರ್ದಾ, ದೇಶ್, ಸೇಕ್, ಕೊಲೊಜ್ ಊರುಗಳ ನೆಲದಡಿ ಕಲ್ಲುಪ್ಪಿನ ಗಣಿಗಳು. ಅಲ್ಲಿನ ಉಪ್ಪು ಮಾರೊಶ್ ನದಿಯಲ್ಲಿ ದೋಣಿಯೇರಿ ಬಯಲುಸೀಮೆಯ ಸೆಗೆದ್‌ವರೆಗೆ ಹೋಗುತ್ತಿತ್ತು. ಸಮುದ್ರವಿಲ್ಲದ ಬಯಲಿನಲ್ಲಿ ಉಪ್ಪೆಂದರೆ ನಗದು. ಎರಡನೆಯದು ರೊದ್ನಾದ ಬೆಳ್ಳಿ ಗಣಿ. ಎರಡೂ ಅರಸನ ಸೊತ್ತು. ಕೇಳುವ ಅರಸನಿಲ್ಲದ ಕಾಲದಲ್ಲಿ ಲಾಸ್ಲೊ ಅವನ್ನು ತನ್ನದಾಗಿಸಿಕೊಂಡ. ಮೂರನೆಯದು ಜನ. ಸಣ್ಣ ಕುಲೀನರು ದೊಡ್ಡ ಧಣಿಯ ಸೇವೆಗೆ ಸೇರಿ, ಅವನಿಗಾಗಿ ಕತ್ತಿ ಹಿಡಿದು, ಅವನಿಂದ ಹುದ್ದೆ ಪಡೆಯುವ ಪದ್ಧತಿ ಹಂಗೆರಿಯಲ್ಲಿ ಬೇರೂರಿತ್ತು. ಉಪ ವೊಯ್ವೋಡನನ್ನೂ ಕೋಟೆಗಳ ಅಧಿಕಾರಿಗಳನ್ನೂ ವೊಯ್ವೋಡ ತನ್ನ ಇಂಥ ಬಂಟರಿಂದಲೇ ಆರಿಸುತ್ತಿದ್ದ. ಹಾಗಾಗಿ ಅರಸನ ಆಡಳಿತ ಯಂತ್ರವೆಲ್ಲ ಒಬ್ಬನ ಮನೆವಾರ್ತೆಯಾಯಿತು. ಉಳಿದ ಎರಡು ಕೀಲಿಗಳೂ, ಅಂದರೆ ಸೇಕೆಯ್ ಮತ್ತು ಸ್ಯಾಕ್ಸನ್ನರ ಮೇಲಿನ ಅಧಿಕಾರವೂ, ಅವನ ಜೇಬಿಗೆ ಇಳಿದವು. ಅವನು ಕೂತದ್ದು ದೇವಾ ಕೋಟೆಯಲ್ಲಿ. ಬಯಲಿನಿಂದ ಮಾರೊಶ್ ಕಣಿವೆ ಹಿಡಿದು ಬರುವ ದಾರಿಯ ಮೇಲೆ ಎದ್ದುನಿಂತ ಗುಡ್ಡ ಅದು. ಉಪ್ಪಿನ ದಾರಿಯೂ ಅದೇ, ದಂಡು ಬರುವ ದಾರಿಯೂ ಅದೇ. 1307ರ ಕೊನೆಯಲ್ಲಿ ಟ್ರಾನ್ಸಿಲ್ವೇನಿಯಾದ ಬಿಷಪ್ ಪೀಟರ್ ತೀರಿಕೊಂಡಾಗ ಹೊಸ ಬಿಷಪ್ಪನ ಆಯ್ಕೆಯಲ್ಲೂ ಅವನು ಕೈಹಾಕಿದ.

ಇದೇ ಕಾಲಕ್ಕೆ ಹಂಗೆರಿಯ ಬೇರೆ ಮೂಲೆಗಳಲ್ಲೂ ಇಂಥ ಪ್ರಬಲರಿದ್ದರು. ವಾಯವ್ಯದಲ್ಲಿ ಮಾತೇ ಚಾಕ್, ಈಶಾನ್ಯದಲ್ಲಿ ಅಮಾದೇ ಅಬಾ, ಪಶ್ಚಿಮದಲ್ಲಿ ಕ್ಯೋಸೆಗಿ ಮನೆತನ. ಅವರ ಬಲಕ್ಕೆ ಬುಡ ಸ್ವಂತ ಕೋಟೆಗಳು, ಸ್ವಂತ ಜಮೀನು. ಲಾಸ್ಲೊನ ಬಲಕ್ಕೆ ಬುಡ ಹುದ್ದೆ. ಈ ವ್ಯತ್ಯಾಸ ಬಿಟ್ಟು ಬರೆದರೆ ಅವನ ಮಕ್ಕಳ ಗತಿ ಅರ್ಥವಾಗುವುದಿಲ್ಲ.

ಈಗ ಕಿರೀಟದ ವಿಷಯ. ಹಂಗೆರಿಯಲ್ಲಿ ಪಟ್ಟಾಭಿಷೇಕ ಸಿಂಧುವಾಗಲು ಮೂರು ಕೂಡಿಬರಬೇಕಿತ್ತು. ಜಾಗ ಸೇಕೆಶ್‌ಫೆಹೇರ್ವಾರ್ ಆಗಬೇಕು, ಕೈ ಎಸ್ತೆರ್ಗೋಮ್‌ನ ಆರ್ಚ್‌ಬಿಷಪ್ಪನದಾಗಬೇಕು, ಕಿರೀಟ ಹಂಗೆರಿಯ ಮೊದಲ ಅರಸ ಸಂತ ಸ್ಟೀಫನನದೆಂದು ನಂಬಿದ ಆ ಪವಿತ್ರ ಕಿರೀಟವೇ ಆಗಬೇಕು. ಒಂದು ತಪ್ಪಿದರೂ ಎದುರಾಳಿಗಳು ಬೆರಳು ತೋರಿಸುತ್ತಿದ್ದರು. ನಿಮ್ಮನ್ನು ಗೊಂದಲಕ್ಕೆ ಕೆಡವಿದ ಮೂರು ವರ್ಷಗಳ ಮರ್ಮ ಇದರಲ್ಲಿದೆ.

ನೇಪಲ್ಸ್‌ನ ಆಂಜು ಮನೆತನದ ಚಾರ್ಲ್ಸ್ ತನ್ನ ಅಜ್ಜಿಯ ಕಡೆಯಿಂದ ಆರ್ಪಾದ್ ರಕ್ತದವನು, 1301ರಲ್ಲಿ ಇನ್ನೂ ಹುಡುಗ. ಆ ವರ್ಷ ಎಸ್ತೆರ್ಗೋಮ್‌ನಲ್ಲಿ, ಆಗಷ್ಟೇ ಆಯ್ಕೆಯಾಗಿದ್ದ ಆರ್ಚ್‌ಬಿಷಪ್ಪನ ಕೈಯಿಂದ, ಕೆಲಸಕ್ಕಾಗಿ ತಂದ ಬೇರೊಂದು ಕಿರೀಟ ಅವನ ತಲೆಗೇರಿತು. ಜಾಗವೂ ತಪ್ಪು, ಕಿರೀಟವೂ ತಪ್ಪು. ಅದೇ ವರ್ಷ ಆಗಸ್ಟ್ 27ರಂದು ಬೊಹೀಮಿಯಾದ ರಾಜಕುಮಾರ ವೆನ್ಸೆಸ್ಲಾಸ್‌ಗೆ ಸರಿಯಾದ ಜಾಗದಲ್ಲಿ ಸರಿಯಾದ ಕಿರೀಟ ಸಿಕ್ಕಿತು, ಆದರೆ ತೊಡಿಸಿದವನು ಕಲೊಚಾದ ಆರ್ಚ್‌ಬಿಷಪ್. ದೇಶ ಹಿಡಿತಕ್ಕೆ ಬಾರದೆ 1304ರಲ್ಲಿ ಕಿರೀಟ ಸಮೇತ ಅವನು ಪ್ರಾಗ್‌ಗೆ ಮರಳಿದ. ಮರುವರ್ಷ ತನ್ನ ಹಕ್ಕನ್ನು ಕೆಳ ಬವೇರಿಯಾದ ಡ್ಯೂಕ್ ಓಟೊಗೆ ಬಿಟ್ಟುಕೊಟ್ಟ. ಓಟೊ ನಾಲ್ಕನೆಯ ಬೇಲಾ ರಾಜನ ಮಗಳ ಮಗ. ವೇಷ ಮರೆಸಿಕೊಂಡು ಆಸ್ಟ್ರಿಯಾ ದಾಟಿ ಕಿರೀಟವನ್ನು ಹಂಗೆರಿಗೆ ತಂದು, 1305ರ ಡಿಸೆಂಬರ್ 6ರಂದು ಸೇಕೆಶ್‌ಫೆಹೇರ್ವಾರ್‌ನಲ್ಲಿ ಇಬ್ಬರು ಬಿಷಪ್ಪರ ಕೈಯಿಂದ ತೊಟ್ಟ. ದಾರಿಯಲ್ಲಿ ಕಿರೀಟವಿದ್ದ ಮರದ ಸಣ್ಣ ಪೀಪಾಯಿ ಬಿದ್ದುಹೋಗಿ ಮತ್ತೆ ಸಿಕ್ಕಿತೆಂದು ವೃತ್ತಾಂತಕಾರರು ಹೇಳುತ್ತಾರೆ. ಚೆಂದದ ಪ್ರಸಂಗ, ಬರೆಯಿರಿ. ‘ವೃತ್ತಾಂತಗಳು ಹೇಳುವಂತೆ’ ಎಂಬ ಮಾತು ಜೊತೆಗಿರಲಿ.

ಓಟೊಗೆ ಬೆಂಬಲ ತೆಳುವಾಗಿತ್ತು. ಅವನ ಪರವಾಗಿದ್ದವರಲ್ಲಿ ಟ್ರಾನ್ಸಿಲ್ವೇನಿಯಾದ ಸ್ಯಾಕ್ಸನ್ನರು ಮುಖ್ಯರು. 1307ರಲ್ಲಿ ಲಾಸ್ಲೊನ ಬೆಂಬಲ ಗಿಟ್ಟಿಸಲು ಅವನು ಪೂರ್ವಕ್ಕೆ ಹೋದ, ಕಿರೀಟವನ್ನೂ ಜೊತೆಗೊಯ್ದ. ಬಿಟ್ಟುಹೋದರೆ ಇನ್ನೊಬ್ಬನ ಪಾಲಾಗುವ ಭಯ, ಒಯ್ದರೆ ಈ ಅಪಾಯ. ಲಾಸ್ಲೊ ಅವನನ್ನು ಸೆರೆಹಿಡಿದ. ಕೆಲವು ತಿಂಗಳ ಮೇಲೆ ಓಟೊನನ್ನು ಬಿಟ್ಟ, ಕಿರೀಟವನ್ನು ಬಿಡಲಿಲ್ಲ. ಓಟೊ ಮತ್ತೆ ಹಂಗೆರಿಯ ಕಡೆ ಬರಲಿಲ್ಲ, ಆದರೂ 1312ರಲ್ಲಿ ಸಾಯುವವರೆಗೂ ತನ್ನನ್ನು ಹಂಗೆರಿಯ ಅರಸನೆಂದೇ ಕರೆದುಕೊಂಡ.

‘ಕದ್ದ’ ಎಂಬ ನಿಮ್ಮ ಪದ ಇಲ್ಲಿ ಪರೀಕ್ಷೆಗೆ ಬರುತ್ತದೆ. ಲಾಸ್ಲೊ ಆ ಕಿರೀಟವನ್ನು ತಾನು ಧರಿಸಲಿಲ್ಲ, ಅರಸನೆಂದು ಕರೆದುಕೊಳ್ಳಲಿಲ್ಲ. ತನ್ನ ಪತ್ರಗಳಲ್ಲಿ ಕೊನೆಯವರೆಗೂ ಅವನು ವೊಯ್ವೋಡನೇ. ಕಳ್ಳನಿಗಿಂತ ಒತ್ತೆ ಹಿಡಿದವನೆನ್ನುವುದು ಹೆಚ್ಚು ಸರಿ. ಚಿನ್ನದ ಬೆಲೆ ಅವನಿಗೆ ಬೇಕಿರಲಿಲ್ಲ. ಈ ವಸ್ತು ತನ್ನ ಹತ್ತಿರ ಇರುವಷ್ಟು ಕಾಲ ಯಾವ ಅರಸನೂ ಪೂರ್ತಿ ಅರಸನಾಗಲಾರ ಎಂಬುದೇ ಅವನ ಬಂಡವಾಳ.

ಅದು ಎಷ್ಟು ಕೆಲಸ ಮಾಡಿತೆಂಬುದು ಮುಂದಿನ ಮೂರು ವರ್ಷಗಳಲ್ಲಿ ಕಾಣುತ್ತದೆ. 1308ರಲ್ಲಿ ಪೋಪರ ಪ್ರತಿನಿಧಿ ಕಾರ್ಡಿನಲ್ ಜೆಂಟೈಲ್ ಹಂಗೆರಿಗೆ ಬಂದ. ಆ ನವೆಂಬರ್ 27ರಂದು ಪೆಸ್ಟ್‌ನ ಡೊಮಿನಿಕನ್ ಮಠದಲ್ಲಿ ಸೇರಿದ ಸಭೆ ಚಾರ್ಲ್ಸ್‌ನನ್ನು ಅರಸನೆಂದು ಒಪ್ಪಿತು. ಕಿರೀಟ ಮಾತ್ರ ಇಲ್ಲ. ಜೆಂಟೈಲ್ ಹೊಸತೊಂದನ್ನು ಮಾಡಿಸಿ ಪವಿತ್ರಗೊಳಿಸಿದ. 1309ರ ಜೂನ್‌ನಲ್ಲಿ ಬುಡಾದ ಮಾತೆ ಮರಿಯಳ ಚರ್ಚಿನಲ್ಲಿ ಅದರಿಂದ ಚಾರ್ಲ್ಸ್‌ಗೆ ಎರಡನೆಯ ಪಟ್ಟಾಭಿಷೇಕವಾಯಿತು. ಈ ಸಲ ಆರ್ಚ್‌ಬಿಷಪ್ ಸರಿಯಿದ್ದ, ಉಳಿದೆರಡು ಇಲ್ಲ. ದೇಶದ ಮನಸ್ಸು ಹೊಸ ಕಿರೀಟವನ್ನು ಒಪ್ಪಲಿಲ್ಲ. ಧರ್ಮಗುರುಗಳ ಅಧಿಕಾರವೆಲ್ಲ ಬೆನ್ನಿಗಿದ್ದರೂ ಜನರ ನಂಬಿಕೆಯನ್ನು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸಾಗಿಸಲು ಆಗಲಿಲ್ಲವೆಂಬುದು ನನಗೆ ಈ ಇಡೀ ಪ್ರಕರಣದ ಅತ್ಯಂತ ಗಾಢವಾದ ಸಂಗತಿ. ಸಂಸತ್ ಭವನದಲ್ಲಿ ಆ ಕಿರೀಟಕ್ಕೆ ಕಾವಲು ನಿಂತವರನ್ನು ನೀವು ನೋಡಿದ್ದೀರಲ್ಲ, ಆ ಭಾವ ಇಂದಿಗೂ ಪೂರ್ತಿ ಆರಿಲ್ಲ.

1309ರ ಡಿಸೆಂಬರ್ 25ರಂದು ಜೆಂಟೈಲ್ ಲಾಸ್ಲೊನಿಗೆ ಧರ್ಮಬಹಿಷ್ಕಾರ ಹಾಕಿದ. ಕಿರೀಟದ ಜೊತೆಗೆ ಇನ್ನೊಂದು ಆರೋಪವೂ ಇತ್ತು. ಲಾಸ್ಲೊ ತನ್ನ ಮಗಳನ್ನು ಸರ್ಬಿಯಾದ ಅರಸ ಮಿಲುತಿನ್‌ನ ಮಗನಿಗೆ ಕೊಟ್ಟಿದ್ದ. ಆ ಮನೆತನ ಆರ್ಥೊಡಾಕ್ಸ್ ಪಂಥದ್ದಾದ್ದರಿಂದ ರೋಮಿನ ಚರ್ಚಿನ ಕಣ್ಣಿಗೆ ಅದು ಅಪರಾಧ. ಪ್ರಾಂತದ ಅಧಿಕಾರಿಯೊಬ್ಬ ಹೊರದೇಶದ ಅರಸನ ಬೀಗನಾಗುವುದು ರಾಜಕೀಯವಾಗಿ ಇನ್ನೂ ದೊಡ್ಡ ಮಾತು. ‘ಸ್ವತಂತ್ರ ದೊರೆ’ ಎನ್ನುವವರಿಗೆ ಸಿಗುವ ಬಲವಾದ ಆಧಾರ ಇದು. ನಡವಳಿಕೆಯಲ್ಲಿ ಅವನು ದೊರೆಯ ಹಾಗೆಯೇ ಇದ್ದ, ಅದನ್ನು ಮುಚ್ಚಿಡಬೇಡಿ. ಆದರೆ ದೊರೆಯಂತೆ ನಡೆದದ್ದಕ್ಕೂ ದೊರೆಯಾಗಿದ್ದದ್ದಕ್ಕೂ ನಡುವೆ ಇರುವ ಗೆರೆಯನ್ನು ಅಳಿಸಬೇಡಿ. ಟ್ರಾನ್ಸಿಲ್ವೇನಿಯಾ ತನ್ನದೇ ರಾಜಕುಮಾರರ ಸಂಸ್ಥಾನವಾದದ್ದು 16ನೇ ಶತಮಾನದಲ್ಲಿ. ಅದನ್ನು ಇನ್ನೂರೈವತ್ತು ವರ್ಷ ಹಿಂದಕ್ಕೆ ಎಳೆಯಬಾರದು.

ಕೊನೆಗೆ 1310ರ ಏಪ್ರಿಲ್ 8ರಂದು ಸೆಗೆದ್‌ನಲ್ಲಿ ಒಪ್ಪಂದವಾಯಿತು. ಜುಲೈ 1ರೊಳಗೆ ಕಿರೀಟ ಒಪ್ಪಿಸುವುದಾಗಿ, ಬೆಳ್ಳಿ ಗಣಿ, ಉಪ್ಪಿನ ಗಣಿಗಳಂಥ ಅರಸನ ಸೊತ್ತನ್ನು ಬಿಟ್ಟುಕೊಡುವುದಾಗಿ ಲಾಸ್ಲೊ ಮಾತುಕೊಟ್ಟ. ಆಗಸ್ಟ್ 27ರಂದು ಸೇಕೆಶ್‌ಫೆಹೇರ್ವಾರ್‌ನಲ್ಲಿ ಎಸ್ತೆರ್ಗೋಮ್‌ನ ಆರ್ಚ್‌ಬಿಷಪ್ ಪವಿತ್ರ ಕಿರೀಟದಿಂದಲೇ ಚಾರ್ಲ್ಸ್‌ಗೆ ಮೂರನೆಯ ಬಾರಿ ಪಟ್ಟ ಕಟ್ಟಿದ. ಮೂರೂ ಕೂಡಿಬಂದವು. ಆದ್ದರಿಂದ 1301, 1309, 1310, ಮೂರೂ ನಿಜವಾದ ವರ್ಷಗಳೇ. ಒಂದನ್ನೇ ಕೊಡುವುದಾದರೆ 1310 ಕೊಡಿ, ‘ಎಲ್ಲರೂ ಒಪ್ಪಿದ ಪಟ್ಟಾಭಿಷೇಕ’ ಎಂದು ವಿವರಿಸಿ. 1301 ಎಂದಷ್ಟೇ ಬರೆದರೆ ಕಿರೀಟದ ಒತ್ತೆಗೆ ಅರ್ಥವೇ ಉಳಿಯುವುದಿಲ್ಲ, 1309 ಎಂದರೆ ಲಾಸ್ಲೊ ಯಾಕೆ ಬೇಕೆಂಬ ಪ್ರಶ್ನೆ ಏಳುತ್ತದೆ.

ಲಾಸ್ಲೊ ಕಿರೀಟ ಕೊಟ್ಟ, ಹುದ್ದೆ ಬಿಡಲಿಲ್ಲ. ಸಾಯುವವರೆಗೂ ವೊಯ್ವೋಡನಾಗಿಯೇ ಉಳಿದ, ಅವನಿರುವ ತನಕ ಚಾರ್ಲ್ಸ್‌ನ ಕೈ ಟ್ರಾನ್ಸಿಲ್ವೇನಿಯಾಕ್ಕೆ ನಿಜವಾಗಿ ಚಾಚಲಿಲ್ಲ. ‘ದ್ರೋಹಿ’ ಎನ್ನುವ ನಿಮ್ಮ ಹಂಗೆರಿಯ ಪರಿಚಿತರಿಗೆ ಇಷ್ಟು ಹೇಳಬಹುದು: 1301ರಿಂದ 1310ರವರೆಗೆ ಯಾರು ನ್ಯಾಯಬದ್ಧ ಅರಸ ಎಂಬುದೇ ತೀರ್ಮಾನವಾಗಿರಲಿಲ್ಲ. ಅರಸ ಯಾರೆಂದು ಗೊತ್ತಿಲ್ಲದಲ್ಲಿ ದ್ರೋಹದ ಅಳತೆಗೋಲು ನಿಲ್ಲುವುದಿಲ್ಲ. ಅರಸನ ಗಣಿಗಳ ಆದಾಯ ನುಂಗಿದ್ದು ಬೇರೆ ಮಾತು, ಅದಕ್ಕೆ ಸಮರ್ಥನೆಯಿಲ್ಲ.

ಅವನ ಸಾವಿನ ನಂತರ ಮಗ ಲಾಸ್ಲೊ ತಾನೇ ವೊಯ್ವೋಡನೆಂದು ಹೇಳಿಕೊಂಡ. ಚಾರ್ಲ್ಸ್ ಒಪ್ಪಲಿಲ್ಲ. 1315ರಲ್ಲಿ ನಿಕೊಲಾಸ್ ಪೋಕ್‌ನನ್ನು, 1318ರಲ್ಲಿ ದೋಜಾ ದೆಬ್ರೆತ್ಸೆನಿಯನ್ನು, ಮತ್ತೆ 1321ರ ಹೊತ್ತಿಗೆ ತೊಮಾಶ್ ಸೇಚೇನಿಯನ್ನು ನೇಮಿಸಿದ. ಕಾನ್ ಮಕ್ಕಳು ವರ್ಷಗಟ್ಟಲೆ ಹೋರಾಡಿದರು. ಅವರ ಕೊನೆಯ ಆಸರೆಯಾಗಿದ್ದ ಚಿಚೋ ಕೋಟೆಯನ್ನು ಸೇಚೇನಿ ಹಿಡಿದ. ಅವನೇ ಮುಂದೆ 1342ರವರೆಗೆ, ಅರಸನ ನಂಬಿಕೆಯ ಅಧಿಕಾರಿಯಾಗಿ, ಅದೇ ಪ್ರಾಂತವನ್ನು ಆಳಿದ. ಹುದ್ದೆ ಇಪ್ಪತ್ತು ವರ್ಷ ಒಬ್ಬನ ಕೈಯಲ್ಲಿದ್ದರೂ ಪಿತ್ರಾರ್ಜಿತವಾಗಲಿಲ್ಲ.

ಇದನ್ನೆಲ್ಲ ಇಟ್ಟುಕೊಂಡು ಕನ್ನಡ ಪದಕ್ಕೆ ಬನ್ನಿ. ‘ಸಾಮಂತರಾಜ’ ಬೇಡ. ಸಾಮಂತ ಎಂದೊಡನೆ ವಂಶಪರಂಪರೆಯ ನೆಲ, ಕಪ್ಪ ಒಪ್ಪಿಸುವ ಸಣ್ಣ ಅರಸ ಕಣ್ಣಿಗೆ ಬರುತ್ತಾನೆ. ‘ಮಹಾಮಂಡಲೇಶ್ವರ’ ಇನ್ನೂ ಅಪಾಯ. ಕಲ್ಯಾಣದ ಚಾಲುಕ್ಯರ ಕೆಳಗೆ ಆ ಬಿರುದು ಹೊತ್ತ ಹೊಯ್ಸಳರು ಮುಂದೆ ಸ್ವತಂತ್ರ ಅರಸರಾದರು. ಬಲ್ಲ ಓದುಗ ಕಾನ್ ಮನೆತನದಿಂದಲೂ ಅಂಥದೇ ರಾಜವಂಶವನ್ನು ನಿರೀಕ್ಷಿಸುತ್ತಾನೆ. ‘ರಾಜ್ಯಪಾಲ’ ಎಂದರೆ ಇಂದಿನ ರಾಜಭವನ. ‘ಸುಬೇದಾರ’ ಎಂದರೆ ಮೊಗಲರ ದರ್ಬಾರು. ‘ದಂಡನಾಯಕ’ ಪದಾರ್ಥಕ್ಕೆ ತೀರ ಹತ್ತಿರ. ಹೊಯ್ಸಳರ ದಂಡನಾಯಕರು ದಂಡು ನಡೆಸುವುದರ ಜೊತೆ ಸೀಮೆಗಳನ್ನೂ ಆಳುತ್ತಿದ್ದರು. ಆದರೆ ಇಂದಿನ ಕಿವಿಗೆ ಅದು ಬರೀ ಸೇನಾಪತಿಯಾಗಿ ಕೇಳಿಸಿ, ನ್ಯಾಯ ಮತ್ತು ಕಂದಾಯದ ಭಾಗ ಮರೆಯಾಗುತ್ತದೆ. ಹಂಗೆರಿಯನ್ ರೂಪವಾದ ‘ವಾಯ್ದಾ’ವನ್ನೇ ಬರೆದರೆ ಸಾಲದ ವಾಯಿದೆ ನೆನಪಾಗುತ್ತದೆ.

ನನ್ನ ಸಲಹೆ ಹೀಗೆ. ಮೊದಲ ಸಲ ‘ವೊಯ್ವೋಡ, ಅಂದರೆ ಅರಸ ನೇಮಿಸಿದ ಪ್ರಾಂತಾಧಿಪತಿ’ ಎಂದು ಬರೆದು, ಆಮೇಲೆ ‘ವೊಯ್ವೋಡ’ ಎಂದೇ ಮುಂದುವರಿಯಿರಿ. ವಲಾಕಿಯಾದ ವೊಯ್ವೋಡ ಬೇರೆ ಎಂದು ಅಲ್ಲೇ ಒಂದು ಸಾಲು ಹೇಳಿಬಿಡಿ. ಊರಿನ ಹೆಸರುಗಳನ್ನು ಲೇಖನದುದ್ದಕ್ಕೂ ಒಂದೇ ಭಾಷೆಯ ರೂಪದಲ್ಲಿಡಿ, ಇಂದಿನ ರೊಮೇನಿಯನ್ ಹೆಸರನ್ನು ಒಮ್ಮೆ ಜೊತೆಗೆ ಕೊಡಿ: ಕೊಲೊಜ್ವಾರ್ ಇಂದಿನ ಕ್ಲುಜ್, ಮಾರೊಶ್ ಇಂದಿನ ಮುರೆಶ್. ಬರೀ ಹಂಗೆರಿಯನ್ ಹೆಸರಿಟ್ಟರೆ ಓದುಗರಿಗೆ ಭೂಪಟದಲ್ಲಿ ಊರು ಸಿಗುವುದಿಲ್ಲ, ಬರೀ ರೊಮೇನಿಯನ್ ಇಟ್ಟರೆ ಹಳೆಯ ದಾಖಲೆಗಳೊಂದಿಗೆ ತಾಳೆಯಾಗುವುದಿಲ್ಲ. ಒಂದು ಕಡೆ ವಿಶೇಷ ಎಚ್ಚರ ಬೇಕು. ಸೇಕೆಶ್‌ಫೆಹೇರ್ವಾರ್, ದ್ಯುಲಾಫೆಹೇರ್ವಾರ್ ಎರಡರಲ್ಲೂ ‘ಬಿಳಿ ಕೋಟೆ’ ಎಂಬ ಅರ್ಥದ ಫೆಹೇರ್ವಾರ್ ಇದೆ, ಲ್ಯಾಟಿನ್ನಿನಲ್ಲೂ ಎರಡೂ ‘ಆಲ್ಬಾ’. ಮೊದಲನೆಯದು ಪಟ್ಟಾಭಿಷೇಕದ ಊರು. ಎರಡನೆಯದು ಟ್ರಾನ್ಸಿಲ್ವೇನಿಯಾದ ಬಿಷಪ್ಪನ ಊರು, ಇಂದಿನ ಆಲ್ಬಾ ಯೂಲಿಯಾ. ಇವೆರಡು ಅದಲುಬದಲಾದರೆ ಅರಸನಿಗೆ ಲಾಸ್ಲೊನ ಅಂಗಳದಲ್ಲೇ ಪಟ್ಟ ಕಟ್ಟಿದಂತಾಗುತ್ತದೆ.

ಕಿರೀಟದ ತುದಿಯ ಶಿಲುಬೆ ಓರೆಯಾಗಿರುವುದನ್ನು ನೀವು ಕಂಡಿರುತ್ತೀರಿ. ಅದನ್ನು ಲಾಸ್ಲೊನ ತಲೆಗೆ ಕಟ್ಟಬೇಡಿ. ಅದು ಬಾಗಿದ್ದು ಬಹಳ ಮುಂದೆ, 17ನೇ ಶತಮಾನದಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ತಲೆಬರಹಕ್ಕೆ ‘ಕಿರೀಟವನ್ನು ಒತ್ತೆಯಿಟ್ಟುಕೊಂಡ ವೊಯ್ವೋಡ’ ಎಂದರೆ ಸಾಕು, ಒಂದು ಪದವೂ ತಪ್ಪಾಗುವುದಿಲ್ಲ.